ಸಮುದ್ರ ಸ್ಟಾಪು

ಕೋಲಾರದ ಬಸ್‌ಸ್ಟ್ಯಾಂಡಿಂದ ಹತ್ತು ರೂಪಾಯಿ.
ಸಮುದ್ರ ಸಮುದ್ರ, ಇಳ್ಕೊಳ್ರಮ್ಮ ಬೇಗ,
ಕಂಡಕ್ಟರು ಕೂಗಿದ್ದೇ, ಹೊಸಬರು ಯಾರಾದರೂ
ಕಿಟಕಿಯಿಂದ ಬಗ್ಗಿ ನೋಡುತ್ತಾರೆ:
ಒಂದು ಪಂಚರ್ ಅಂಗಡಿ, ಹುಣಸೆಮರ,
ಆಚೆಗೆ ಬಂಡೆಗುಡ್ಡ, ಗುಡ್ಡದ ತಲೆಗೆ ಇನ್ನೊಂದು ಬಂಡೆ,
ಬೀಳಲೋ ಬೇಡವೋ ಎಂದು
ನಮ್ಮಜ್ಜಿ ಹುಟ್ಟುವ ಮುಂಚಿನಿಂದ ಯೋಚಿಸುತ್ತಿರುವುದು.

ಬೈರಸಮುದ್ರ ಅಂತ ಪೂರ್ತಿ ಹೆಸರು.
ಕಡಲು ಕಾಣದ ಯಾರೋ ಪಾಳೇಗಾರ
ಎರಡು ಗುಡ್ಡದ ನಡುವೆ ಮಣ್ಣು ಹೊರಿಸಿ
ನಿಂತ ಮಳೆನೀರಿಗೆ ಆ ಹೆಸರಿಟ್ಟ.
ಜಂಬ ಅನ್ನಬೇಡಿ. ಬೇಸಿಗೆಯಲ್ಲಿ ಕೊಡ ಹೊತ್ತವರಿಗೆ
ಆಚೆ ದಡ ಒಂಚೂರು ಮಸುಕಾಗಿ ಕಂಡರೆ ಸಾಕು.
ಏರಿಯ ಕಲ್ಲಿನಲ್ಲಿ ಬರೆಸಿಯೂ ಇದ್ದಾನೆ.
ಕೆಡಿಸಿದವರಿಗೆ ಏನೇನಾಗಲಿ ಎಂಬ ಸಾಲುಗಳು
ಚಲಪತಿಯ ಕಾಂಪೌಂಡಿನ ಅಡಿಗೆ ಹೋದವು;
ಮೇಲೆ ಉಳಿದದ್ದು
'ಚಂದ್ರಸೂರ್ಯರುಳ್ಳನಕ' ಅಷ್ಟೇ.
ಅದರ ಮೇಲೆ ಗುಲ್ನಾಜ್ ಮಗಳ ಸಾಕ್ಸು ಒಣಹಾಕುತ್ತಾಳೆ.

ನಾನು ನಾಲ್ಕನೇ ಕ್ರಾಸಿನವಳು.
ಲೆಕ್ಕ ಹಾಕಿದರೆ, ಕೆರೆಯ ಒಳಗಿನವಳು.
ಹದಿನೇಳು ವರ್ಷ ನೀರು ಬರದೆ
ಜಾಲಿ ಬೆಳೆದು, ಜಾಲಿ ಕಡಿದು, ಸುಣ್ಣದ ಗೆರೆ ಹಾಕಿ
ಮೂವತ್ತು ನಲವತ್ತು ಮಾರಿದರು.
ಟೇಪಿನ ಒಂದು ತುದಿ ಅಪ್ಪ ಹಿಡಿದ, ಇನ್ನೊಂದು ನಾನು.
ಸಂಪು ತೋಡುವಾಗ ನಾಲ್ಕಡಿಗೆ ಚಿಪ್ಪು ಸಿಕ್ಕವು,
ಬಿಳಿಯವು, ಬೊಗಸೆ ಬೊಗಸೆ.
ಅಪ್ಪ ನೋಡಿದ. ಏನೂ ಅನ್ನದೆ
ಜಲ್ಲಿಯ ಜೊತೆ ಕಲಸಲು ಹೇಳಿದ.

ಯಾರ್ಯಾರು ಬಂದರು!
ಗಣಿ ಮುಚ್ಚಿದ ಮೇಲೆ ಲೈನ್‌ಮನೆ ಬಿಟ್ಟು ಅರೋಕ್ಯಮೇರಿ,
ಗಂಡ ಪಾತಾಳಕ್ಕಿಳಿಯುತ್ತಿದ್ದ ಹೆಲ್ಮೆಟ್ಟಿನಲ್ಲಿ
ದೊಡ್ಡಪತ್ರೆ ನೆಟ್ಟುಕೊಂಡು.
ಮೀನಿನ ಟೆಂಡರು ಹೋದ ಬೆಸ್ತರ ಪಾಪಯ್ಯ
ಹರಿಗೋಲು ಮಗುಚಿ ಕೋಳಿಗೂಡು ಮಾಡಿದ.
ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಸಾಲ ಕೇಳಿ,
ಉರ್ದುವಿನಲ್ಲಿ ಸಮಾಧಾನ ಮಾಡಿ,
ನಲ್ಲಿಯ ಹತ್ತಿರ ಮಾತ್ರ ಎಲ್ಲರೂ
ಕನ್ನಡದಲ್ಲಿ ಸರದಿ ನಿಲ್ಲುತ್ತೇವೆ.

ಆಮೇಲೆ ಪೈಪಿನಲ್ಲಿ ಬಂತು ನೀರು,
ಬೆಂಗಳೂರು ಮಿಂದು, ಸೋಸಿ, ಕಳಿಸಿದ್ದು.
ಮೊದಲ ದಿನ ನೊರೆ.
ಮಕ್ಕಳು ಅಲೆ ಅಲೆ ಎಂದು ಕುಣಿದವು.
ಪಿಳ್ಳಮುನಿಯಮ್ಮ ಬೊಗಸೆಯಲ್ಲೆತ್ತಿ ಮೂಸಿ,
'ಯಾವನೋ ಶೋಕಿಲಾಲ, ಚೆನ್ನಾಗೇ ಸೋಪು ಹಾಕ್ಕೊಂಡವ್ನೆ' ಅಂದಳು.
ಅಂದವಳೇ ಅರಿಶಿನ ಕುಂಕುಮ ಎರಚಿದಳು.
ಒಣಗಿದ ಬಾವಿಗಳಿಗೆ ಗಂಟಲು ಬಂತು.
ಪಾಪಯ್ಯ ಕೋಳಿಗಳನ್ನು ಎಬ್ಬಿಸಿ
ಹರಿಗೋಲಿಗೆ ಡಾಂಬರು ಬಳಿದ.

ಆ ಕಾರ್ತಿಕದಲ್ಲಿ ಮೇಲಿನ ನೀರೂ ಸೇರಿತು.
ರಾತ್ರಿ ಎರಡಕ್ಕೆ ಕೋಡಿ ಬಿತ್ತು, ಮೂರಕ್ಕೆ ನಮ್ಮ ಹೊಸಿಲು.
ಬಡಿಯಲಿಲ್ಲ, ಕೂಗಲಿಲ್ಲ.
ಮನೆ ಓನರು ಬಂದ ಹಾಗೆ ಬಂತು,
ಚಪ್ಪಲಿ ಬಿಡದೆ, ಒಂದೊಂದೇ ರೂಮು ನೋಡುತ್ತಾ.
ಪಾಪಯ್ಯನ ಹರಿಗೋಲಿನಲ್ಲಿ ಅರೋಕ್ಯಮೇರಿ, ಅವಳ ಹೆಲ್ಮೆಟ್ಟು,
ಗುಲ್ನಾಜಳ ಹೊಲಿಗೆ ಮಿಷನ್ನು, ಚಲಪತಿಯ ಮೇಕೆ, ನಮ್ಮಪ್ಪ.
ಏರಿ ಮುಟ್ಟುವ ತನಕ ಅಪ್ಪ
ಖಾತೆಯ ಕಾಗದ ತಲೆಯ ಮೇಲೆ ಹಿಡಿದಿದ್ದ.

ಇಳಿದ ನೀರು ಗೋಡೆಗೆ ಒಂದು ಗೆರೆ ಎಳೆದು ಹೋಯಿತು.
ಮೂರು ಸಲ ಬಣ್ಣ ಹೊಡೆಸಿದ್ದೇವೆ.
ಮಳೆಗಾಲಕ್ಕೆ ಬರುತ್ತದೆ, ನನ್ನ ಸೊಂಟದ ಮಟ್ಟಕ್ಕೆ.

ಮೊನ್ನೆ ಗುಲ್ನಾಜಳ ಮಗಳು
ಶಾಲೆಯ ಟೂರಿನಲ್ಲಿ ಮಲ್ಪೆಗೆ ಹೋಗಿ ಬಂದಳು.
ನಿಜವಾದದ್ದು ಹೇಗಿತ್ತೇ, ಅಂದೆವು ಎಲ್ಲರೂ.
ಅವಳು ಕಡ್ಲೆಕಾಯಿ ಸುಲಿಯುತ್ತಾ,
'ಅದಕ್ಕೆ ಏರೀನೇ ಕಟ್ಟಿಲ್ಲ, ತೂಬಿಲ್ಲ,
ಆಚೆ ದಡಾನೂ ಮಾಡಿಲ್ಲ.
ಅರ್ಧಕ್ಕೇ ಬಿಟ್ಟವ್ರೆ.'

ನಾವು ನಗುತ್ತಿದ್ದೆವು.
ಅಪ್ಪ ಜಗಲಿಯಿಂದ ಕೇಳಿದ:
ಒಳಗೆ ಮನೆ ಇದ್ದವೇನಮ್ಮ?

ಇಲ್ಲ ತಾತ, ಯಾರೂ ಇಲ್ಲ.
ಅದೊಂದೇ ಇತ್ತು.