ಮೀಟರಿಗೆ ಗೊತ್ತಿಲ್ಲದ ತಾಸು

ಮುಂಡ್ರಿಗಿ ಕಡೆಯ ಗುಜರಿ ಅಂಗಳದಲ್ಲಿ
ತೊಳೆದು ಒರೆಸಿ ನಿಲ್ಲಿಸಿದ್ದಾರೆ ಅದನ್ನು.
ಮೇಲೆ ಬಳಿದ ಹಸಿರು ಮೊನ್ನೆಯದು,
ಕೆಳಗಿನ ಹಸಿರು ನನಗೆ ಗೊತ್ತು.

"ಗೆಸ್ಟ್ ಹೌಸಿನ ಗಾಡಿ, ಸುಂಕಮ್ಮ,
ಬರೇ ಸಾಹೇಬ್ರ ಹುಲ್ಲು ಕೊಯ್ದೈತಿ.
ಮೀಟರ್ ನೋಡು, ಒಂಬೈನೂರ ನಲವತ್ತು ತಾಸು.
ಎರಡು ಲಕ್ಷಕ್ಕ ಒಂದು ರೂಪಾಯಿ ಕಮ್ಮಿ ತಗೊಂಡ್ರ
ನಾ ಗಾದಿಲಿಂಗಪ್ಪನೇ ಅಲ್ಲ."

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.
ಆಗಷ್ಟೇ ಇಳಿಸಿದ ರೊಟ್ಟಿ ಹಂಚು.
"ನೆರಳಾಗ ನಿಂತ ಗಾಡಿಗೆ ಜ್ವರ ಯಾಕಣ್ಣ?
ಆರಲಿ. ಕುಂತಿರ್ತೀನಿ."
ಒಗ್ಗರಣಿ ತರಿಸಿದ, ಮಿರ್ಚಿ ತರಿಸಿದ.
ಎರಡನ್ನೂ ತಿಂದೆ, ದಾಕ್ಷಿಣ್ಯ ಮಾತ್ರ ನುಂಗಲಿಲ್ಲ.

ಅವನಿಗೆ ಗೊತ್ತಿಲ್ಲ. ತೋರಣಗಲ್ಲಿನಲ್ಲಿ ಏಳು ವರ್ಷ
ಇದರ ಹಿಂದೆ ನಡೆದವಳು ನಾನು,
ಇದು ಉಗುಳಿದ್ದನ್ನು ಬಳಿದು ಗೋಣಿಗೆ ತುಂಬುತ್ತ.
ಮೇಲೆ ಯರ್ರಿಸ್ವಾಮಿ, ತೊಂಬತ್ತೆರಡು ಕಿಲೋ,
ಬಲತೊಡೆಯ ಕುರುವಿಗೆ ಹೆದರಿ ಎಡಕ್ಕೆ ವಾಲಿ.
ಸೀಟು ಇನ್ನೂ ಎಡಕ್ಕೇ ವಾಲಿದೆ.
ಮೂರನೇ ವರ್ಷ ಯುಗಾದಿಯ ಮರುದಿನ
ಇಲಿ ಕಡಿಯಿತು ಮೀಟರಿನ ತಂತಿ.
ಒಂಬೈನೂರ ನಲವತ್ತು ಅಲ್ಲೇ ನಿಂತಿತು.
ನಾವು ನಿಲ್ಲಲಿಲ್ಲ.
ಉಳಿದ ತಾಸುಗಳೆಲ್ಲ ನನ್ನ ಹಿಮ್ಮಡಿಯಲ್ಲಿ
ಬಿರುಕು ಬಿರುಕಾಗಿ ಬರೆದಿವೆ,
ಎಲ್ಲ ಸೇರಿ ಮೂರು ಸಾವಿರದ ಹತ್ತಿರ.

ಸಲಾಕೆ ಕೊಟ್ಟು ಎತ್ತಿಸಿ, ಅಂಗಾತ ಮಲಗಿ,
ಡೆಕ್ಕಿನ ಹೊಟ್ಟೆ ನೋಡಿದೆ.
ಬಲಮೂಲೆಯಲ್ಲಿ ವೆಲ್ಡಿಂಗಿನ ಗಂಟು,
ಸ್ಪ್ರಿಂಕ್ಲರಿನ ತಲೆಗೆ ಬಡಿದ ದಿನದ್ದು.
ಅವತ್ತು ಹಾರಿದ ಚೂರು ನನ್ನ ಮೊಣಕಾಲ ಕೆಳಗೆ
ಬಿಟ್ಟುಹೋದ ಗಂಟೂ ಇಷ್ಟೇ ಉದ್ದ.
ನನಗೆ ಐದು ಹೊಲಿಗೆ, ಇದಕ್ಕೆ ಎರಡು ರಾಡು.
ಕಂಪನಿ ಬಿಲ್ಲು ಪಾಸು ಮಾಡಿದ್ದು ಇದರದ್ದು.

ಬ್ಲೇಡು ಹಿಡಿದು ಅಲ್ಲಾಡಿಸಿದೆ,
ನಡುವಿನ ಬೇರಿಂಗು ಬೀಳಲಿರುವ ಹಾಲುಹಲ್ಲು.
ಏರ್ ಫಿಲ್ಟರು ಬಿಚ್ಚಿ ನೆಲಕ್ಕೆ ಬಡಿದೆ.
ಉದುರಿದ್ದು ಹುಲ್ಲಿನ ಪುಡಿಯಲ್ಲ, ಅದಿರು.
ನಾನೂ ಕೆಮ್ಮಿದ್ದು ಅದೇ ಕೆಂಪು.
ಈ ಒಂದಕ್ಕೆ ಮಾತ್ರ
ಕಮ್ಮಿ ಮಾಡು ಅನ್ನಲು ಬಾಯಿ ಬರಲಿಲ್ಲ.

ಆರಿದ ಮೇಲೆ ಹುಡುಗ ಚಾವಿ ತಿರುಗಿಸಿದ.
ಮೂರನೇ ಸಲಕ್ಕೆ ಹತ್ತಿತು, ನೀಲಿ ಹೊಗೆ ಕಾರಿ,
ಗಂಟಲು ಸರಿಮಾಡಿಕೊಂಡು.
ಅವನನ್ನು ಇಳಿಸಿ ನಾನು ಹತ್ತಿದೆ.
ಏಳು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ.
ಬ್ರೇಕು ಬಿಟ್ಟೆ.
ಟಪ್.
ಮತ್ತೆ ಚಾಲೂ ಮಾಡಿದೆ. ಮತ್ತೆ ಟಪ್.
ಗಾದಿಲಿಂಗಪ್ಪ ಹೊಟ್ಟೆ ಹಿಡಿದು ನಕ್ಕ.
"ಸೀಟಿನ ಕೆಳಗ ಸ್ವಿಚ್ ಐತವ್ವ,
ಮ್ಯಾಲೆ ಮನುಷ್ಯಾರು ಅದಾರೋ ಇಲ್ಲೋ ಕೇಳತೈತಿ.
ನಿನ್ನ ನೋಡಿ ಯಾರೂ ಇಲ್ಲ ಅಂತು!"

ಇಳಿದೆ. ಅವನ ತಕ್ಕಡಿಯ ಹತ್ತು ಕಿಲೋದ ಕಲ್ಲು
ಎತ್ತಿ ತಂದು ತೊಡೆಯ ಮೇಲಿಟ್ಟುಕೊಂಡೆ.
ಬ್ರೇಕು ಬಿಟ್ಟೆ.
ಒಪ್ಪಿಕೊಂಡಿತು.
ಜೀನ್ಸ್ ಹೊಲಿದು ಸತ್ತ ಮಿಷನ್ನುಗಳ ನಡುವೆ ಒಂದು ಸುತ್ತು,
ಗೇಟಿನ ಏರಿನಲ್ಲಿ ಇನ್ನೊಂದು.
ಬಿಸಿಯಾದ ಮೇಲೂ ಪಂಪು ನರಳಲಿಲ್ಲ.
ಅದನ್ನು ಅವನಿಗೆ ಹೇಳಲಿಲ್ಲ.

"ಮೀಟರಿಗೆ ನಲವತ್ತು ಸಾವಿರ ಕಳಿ.
ವೆಲ್ಡಿಂಗಿಗೆ ಹದಿನೈದು, ಬೇರಿಂಗಿಗೆ ಆರು.
ನಕ್ಕಿದ್ದಕ್ಕ ನಾಕು."
"ನಗಿಗೂ ರೊಕ್ಕ ಏನವ್ವ?"
"ಹ್ಞೂಂ."

ಒಂದು ನಲವತ್ತಕ್ಕೆ ಬಂದು ನಿಂತ.
ಟೆಂಪೋಕ್ಕೆ ಏರಿಸುವಾಗ ಕೂಗಿದ,
"ಏ, ನನ್ನ ಕಲ್ಲು ಇಳಿಸಿ ಹೋಗು."
ಗೋಣಿ ಎತ್ತಿದ ಕೈಗೆ ಅದನ್ನು ಎತ್ತಿದಾಗಲೇ ಗೊತ್ತಾಗಿತ್ತು.
ಬೋರಲು ಹಾಕಿ ತೋರಿಸಿದೆ.
ತಳದ ತೂತಿನಲ್ಲಿ ಹೊಳೆಯುವ ಹೊಸ ಸೀಸ.
"ಹತ್ತಲ್ಲಣ್ಣ ಇದು, ಹನ್ನೊಂದು.
ಎಷ್ಟು ಮಂದಿ ಹಳೆ ಕಬ್ಬಿಣ ತೂಗಿದಿ ಇದರಾಗ?"

ಅವನು ಲಾರಿಗಳು ಹೋಗುವ ಕಡೆ ನೋಡಿದ.
ಕಲ್ಲು ಸೀಟಿನ ಮೇಲೆ ಇಟ್ಟು ಹಗ್ಗ ಬಿಗಿದೆ,
ಎಡಕ್ಕೆ ವಾಲದಂತೆ, ಸ್ವಲ್ಪ ಬಲಕ್ಕೆ.
ಸೋಮವಾರ ಮೈದಾನದ ಕೆಲಸ ಶುರು.