ಅಸಲು ಹೊರಗೆ ಹೋಗಕೂಡದು

ಕೆರಿಯಪ್ಪನವರ ಮಿದುಳಿನ ಒಂದು ಎಸಳು,
ಮೇಣದಲ್ಲಿ ಕೂರಿಸಿ ಕೊಯ್ದದ್ದು, ಏಳು ಮೈಕ್ರಾನ್.
ಈರುಳ್ಳಿಯ ಒಳಪೊರೆಯೂ ಇದರ ಮುಂದೆ ದಪ್ಪ.
ಶಿವಮೊಗ್ಗೆಯಲ್ಲಿ ಮೂರಕ್ಕೆ ಕರೆಂಟು ಹೋಗಿ
ಜನರೇಟರ್ ಕೆಮ್ಮಿ ಎದ್ದಮೇಲೆ
ನೀಲಿ ಬೆಳಕು ಹಾಯಿಸಿದೆ.

ಹಸಿರು ಸರಿ: ಕೋಶದ ನಡುಮನೆಯಲ್ಲಿ
ಬೀಗದೊಳಗಿನ ದಸ್ತಾವೇಜು.
ಕೆಂಪು ಅಂಗಳದಲ್ಲಿದ್ದರೂ ಸರಿ, ಅದು ಓಡಾಡುವ ಜಾತಿ.
ಆದರೆ ಇಲ್ಲಿ, ಕಾಫಿ ಲೋಟ ಇಟ್ಟು ಮರೆತ ಹಾಗೆ
ಹೆಪ್ಪುಗಟ್ಟಿದ ಕಲೆಗಳೊಳಗೆ,
ಕೋಶವೇ ಇಲ್ಲದ ಕಡೆ, ಕೆಂಪು?
ಆರ್‌ಎನ್‌ಎ, ಅಂದರು ಡಾಕ್ಟರು.
ನನ್ನ ಬಾಯಿಗೆ ಬಂದದ್ದು: ನಕಲು.

ಅವರು ಹೊಸನಗರ ತಾಲ್ಲೂಕು ಕಚೇರಿಯ ನಕಲು ಗುಮಾಸ್ತರು.
ಜಾಲರಿ ಕಿಟಕಿ, ಬಲಗಿವಿಯ ಮೇಲೆ ಪೆನ್ನು.
ಆರನೇ ಕ್ಲಾಸಿನ ನಾನು ಅವ್ವನ ಸೆರಗು ಹಿಡಿದು ಕೇಳಿದ್ದೆ:
ಅಸಲನ್ನೇ ಕೊಟ್ಟುಬಿಡಿ, ಬರೆಯೋ ಕಷ್ಟ ಯಾಕೆ?
ನಕ್ಕರು. "ಅಸಲು ಕಪಾಟು ಬಿಟ್ಟು ಹೋಗಕೂಡದು ತಂಗಿ.
ನಕಲು ಓಡಾಡಬೇಕು. ಅದು ಓಡಾಡಿದರೇ ಊರು ನಡೆಯೋದು."

ನಮ್ಮದು ಮುಳುಗಿದ ಸರ್ವೆ ನಂಬರು.
ಲಿಂಗನಮಕ್ಕಿಯ ನೀರಿನಡಿ ಎರಡೆಕರೆ ಹದಿಮೂರು ಗುಂಟೆ, ತರಿ.
ಚಕ್ಕುಬಂದಿ ಒಂದಕ್ಷರ ಬಿಡದೆ ಇಳಿಸಿದರು:
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಾನು,
ಉತ್ತರಕ್ಕೆ ಬೀರನ ಬ್ಯಾಣ,
ದಕ್ಷಿಣಕ್ಕೆ ದಾರಿ.
ಮೀನಷ್ಟೇ ನಡೆವ ದಾರಿ. ಆದರೂ ದಾರಿ ಅಂತಲೇ ಬರೆದರು.
ಮೊಹರು ಒತ್ತಿದರು. ಊದಿದರು.

ಕೊನೆಕೊನೆಗೆ, ಸೊಸೆ ಹೇಳಿದ್ದು,
ಹಾಲಿನ ಚೀಟಿ, ಮಾತ್ರೆಯ ಪಟ್ಟಿ, ಗೋಡೆಯ ಕ್ಯಾಲೆಂಡರು
ಎಲ್ಲ ನಕಲು ಮಾಡುತ್ತಿದ್ದರಂತೆ.
ಯಾರಿಗೆ ಕೊಡಬೇಕೆಂದು ತಿಳಿಯದೆ
ಹಾಸಿಗೆಯಡಿ ತುರುಕುತ್ತಿದ್ದರಂತೆ.
ದೇಹದಾನದ ಅರ್ಜಿಗೆ ಮಾತ್ರ
ಬುದ್ಧಿ ನೆಟ್ಟಗಿದ್ದಾಗಲೇ ಸಹಿ, ಮೂರು ಪ್ರತಿ.

ಈ ಚೀಟಿಗಳು ಸೇರಿಯೇ ಕಲೆ ಕಟ್ಟಿತೋ,
ಸಾಯುವ ಕೋಶದ ಕೈಜಾರಿ
ಇದ್ದ ಕಲೆಗೇ ಬಂದು ಅಂಟಿದವೋ,
ಡಾಕ್ಟರಿಗೂ ಗೊತ್ತಿಲ್ಲ.
ಗೊತ್ತಿಲ್ಲ ಅಂತಲೇ ಬರೆದುಕೊಂಡರು.
ಬಣ್ಣ ಹತ್ತಿದೆ, ಅಕ್ಷರ ಕಾಣದು.
ಹೊರಟಿದ್ದವು ಎಲ್ಲಿಗೋ. ಕಿಟಕಿಯಾಚೆ
ಸರದಿಯಲ್ಲಿ ಯಾರೋ ನಿಂತಿದ್ದರೇನೋ,
ಸೆರಗು ಹಿಡಿದುಕೊಂಡು.

ಐದಾಯಿತು. ಈ ಕೆಂಪು ನಿಲ್ಲುವುದಿಲ್ಲ,
ನೋಡುತ್ತಿದ್ದಂತೆ ಮಾಸುತ್ತದೆ.
ಫೋಟೋ ತೆಗೆದೆ. ರಿಜಿಸ್ಟರಿನಲ್ಲಿ ನಮೂದಿಸಿದೆ:
ಮೇಣದ ಬಿಲ್ಲೆ ಕಪಾಟಿಗೆ, ಚಿತ್ರ ಡಾಕ್ಟರಿಗೆ.
ಷರಾ ಕಾಲಮಿನಲ್ಲಿ, ಯಾಕೋ,
ಕಲೆಯ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು
ಎಂದು ಬರೆಯಹೋಗಿ
ದಕ್ಷಿಣಕ್ಕೆ ಬಂದು ನಿಂತೆ.