ಕೈಗಡ

ಬಯಲಿನಿಂದ ಬಂದವರು ಬಾಳೆಯೆಂದೇ ತಿಳಿಯುತ್ತಾರೆ,
ಕತ್ತು ಎತ್ತಿ ಗೊನೆ ಹುಡುಕುತ್ತಾರೆ.
ತಿನ್ನುವ ಹಣ್ಣಿಲ್ಲ ಎನ್ಸೆಟ್‌ಗೆ.
ದಿಂಡು ಕೆರೆದು, ಎಲೆ ಹಾಸಿದ ಗುಂಡಿಗೆ ತುಂಬಿ
ಹುಳಿಯಲು ಬಿಟ್ಟು ಮರೆತರೆ
ರೊಟ್ಟಿ.

ಗಾಮೋ ಬೆಟ್ಟದ ಈ ಮಂಜಿನಲ್ಲಿ
ನಮ್ಮತ್ತೆ ವಗಾಯೆ ಹದಿನೇಳು ಬಗೆ ಸಾಕಿದ್ದಳು.
ಒಂದೊಂದಕ್ಕೂ ಹೆಸರು, ಒಂದೊಂದರ ಮೇಲೂ ದೂರು:
ಇದು ಸೋಮಾರಿ, ಏಳು ವರ್ಷಕ್ಕೂ ದಪ್ಪಗಾಗದು,
ಇದಕ್ಕೆ ಹೆಗ್ಗಣದ ಸಹವಾಸ,
ಇದರ ಗಡ್ಡೆ ಬಾಣಂತಿಗೆ, ಇದು ಮುರಿದ ಮೂಳೆಗೆ,
ಇದು ಸುಮ್ಮನೆ, ಚೆಂದಕ್ಕೆ.
ಕೆಂಪು ನರದ ಅಜ್ಜಿಮೊಣಕೈ ಮಾತ್ರ
ತವರಿನಿಂದ ಬೆನ್ನಿಗೆ ಕಟ್ಟಿಕೊಂಡು ತಂದದ್ದು;
ಅದರ ಮೇಲೆ ದೂರಿಲ್ಲ.

ಆ ವರ್ಷ ರೋಗ ಬಂತು
ಚಾಕುವಿನ ಬಾಯಲ್ಲಿ ಕೂತು, ಮನೆಯಿಂದ ಮನೆಗೆ.
ನಡುವಿನ ಎಲೆ ಮೊದಲು ಬಾಗಿತು.
ಕೊಯ್ದರೆ ಹಳದಿ ಕೀವು.
ಹದಿನೇಳರಲ್ಲಿ ಆರು ಉಳಿದವು,
ಅಜ್ಜಿಮೊಣಕೈ ಆ ಆರರಲ್ಲಿ ಇರಲಿಲ್ಲ.

ಕಚೇರಿಯ ಹುಡುಗ ವಹಿ ತೆರೆದು ತೋರಿಸಿದ.
ಸಂಖ್ಯೆ ಇತ್ತು. ತೋಟದಲ್ಲಿ ತಗಡಿನ ಚೀಟಿ ಇತ್ತು.
ಚೀಟಿಯ ಬುಡದಲ್ಲಿ ಬರಿ ನೆಲ.
'ಕಾಳಾಗಿದ್ದರೆ ಡಬ್ಬಿಯಲ್ಲಿಡಬಹುದಿತ್ತು, ಅಮ್ಮಾ' ಎಂದ.
ಪಾಪ, ಅವನ ತಪ್ಪಲ್ಲ.

ಅತ್ತೆ ಮೂರು ರಾತ್ರಿ ಬೆರಳು ಮಡಿಸಿದಳು,
ಯಾರಿಗೆ ಕೊಟ್ಟಿದ್ದೆ, ಯಾವ ಮಳೆಗಾಲ.
ತಂಗಿಗೆ: ಅವಳ ಹಿತ್ತಲೂ ಹೋಯಿತು.
ಸೂಲಗಿತ್ತಿಗೆ: ಅವಳು ಊರೇ ಬಿಟ್ಟಳು.
ಓರಗಿತ್ತಿಗೆ: ಚಾಕು ನಮ್ಮಿಬ್ಬರದೂ ಒಂದೇ.
ನಾಲ್ಕನೆಯ ಬೆರಳು ಅರ್ಧ ಮಡಿಸಿ
ಸುಮ್ಮನಾದಳು.

ದಿಂಕೆ.
ಬಿದಿರ ಬೇಲಿಯಾಚೆಯ ದಿಂಕೆ.
ಒಂದು ಹೋರಿಕರು, ಒಂದು ಮಾತು, ಒಂಬತ್ತು ವರ್ಷ;
ಸಾವಿನ ಮನೆಯಲ್ಲೂ ಬೆನ್ನು ಹಾಕಿ ಕೂರುವವರು.

ಬೆಳಗ್ಗೆ ಅತ್ತೆ ಚಾಕುವನ್ನು ಎರಡೂ ಮಗ್ಗುಲು ಸುಟ್ಟು
ನನ್ನನ್ನು ಸಾಕ್ಷಿಗೆಂದು ಕರೆದೊಯ್ದಳು.
ಬಾ ಎನ್ನಲಿಲ್ಲ ದಿಂಕೆ. ಚಾಕು ತೋರಿಸು, ಎಂದಳು.
ನೋಡಿ, ತನ್ನ ಒಲೆಯಲ್ಲಿ ಇನ್ನೊಮ್ಮೆ ಸುಟ್ಟಳು.
ಹಿತ್ತಲ ತುಂಬ ಕೆಂಪು ನರ,
ಮಂಜಿನಲ್ಲಿ ನೆನೆದು, ಎದೆಯೆತ್ತರ.

'ನಿನ್ನದೆಂದು ಕಿತ್ತೆಸೆಯಬೇಕೆಂದಿದ್ದೆ.
ಗಡ್ಡೆ ರುಚಿಯಿತ್ತು.'

ಒಂದು ಎಳೆಯದರ ಸುಳಿ ತೆಗೆದು ಗಡ್ಡೆ ಹೂತೆವು.
ಮರುವರ್ಷ ಸುತ್ತ ನಲವತ್ತು ಕಂದು,
ಹಾಲು ಕುಡಿವ ಮರಿಗಳ ಹಾಗೆ.
ದಿಂಕೆ ಬದಲಿಗೆ ಸೋಮಾರಿಯನ್ನೇ ಕೇಳಿ ಪಡೆದಳು.
ಹೋರಿಕರುವಿನ ಮಾತು ಇನ್ನೂ ಮುಗಿದಿಲ್ಲ.

ಒಂಬತ್ತು ವರ್ಷ ಚಾಕು ಆ ಬೇಲಿ ದಾಟಿರಲಿಲ್ಲ,
ಹಾಗಾಗಿ ರೋಗವೂ ದಾಟಲಿಲ್ಲ.
ಅತ್ತೆ ಈಗ ಕಂದು ಹಂಚುವಾಗ ಹೇಳುತ್ತಾಳೆ:
ನೆಂಟರಿಗೆ ಕೊಡು. ಆದರೆ ಒಂದನ್ನು
ಜಗಳದವರಿಗೂ ಕೊಟ್ಟಿರು.

ನಾನು ಮದುವೆಯಾಗಿ ಬಂದು ಎರಡೇ ವರ್ಷ.
ಕೈಯಲ್ಲಿ ಒದ್ದೆ ಎಲೆ ಸುತ್ತಿದ ಕಂದು;
ಈ ಊರಲ್ಲಿ ಇನ್ನೂ ಯಾರೂ
ನನ್ನೊಡನೆ ಮಾತು ಬಿಟ್ಟಿಲ್ಲ.